ಉಣ್ಣದವಳನ್ನು ಓದುವ ಬಗೆ
(ಭೋರಿನಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಓದುಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಇಂಥ ಮಳೆಯಲ್ಲಿ ಪುಣೆಯಿಂದಲೂ ಶಿರವಳದಿಂದಲೂ ಈ ಭೋರಿಗೆ ಬಂದು, ಕನ್ನಡದಲ್ಲಿ ಎರಡು ಗಂಟೆ ಮಾತನಾಡಲೆಂದೇ ಕುಳಿತಿದ್ದೀರಿ. ಅದಕ್ಕಾಗಿ ಮೊದಲು ನಿಮಗೆ ವಂದನೆ.

ಕಳೆದ ಸಭೆಯಲ್ಲಿ ನಾವು ಓದಲೆಂದು ಆರಿಸಿಕೊಂಡ ಪುಸ್ತಕ ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’. ಮೂಲ ಕೊರಿಯನ್ ಕೃತಿ ಬಂದದ್ದು 2007ರಲ್ಲಿ. ಇಂಗ್ಲಿಷ್ ಅನುವಾದಕ್ಕೆ 2016ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಲೇಖಕಿಗೆ 2024ರಲ್ಲಿ ನೊಬೆಲ್ ಸಂದಿತು. ಹೆಸರು ನೋಡಿ ನಮ್ಮಲ್ಲಿ ಹಲವರು ಹರ್ಷದಿಂದಲೇ ಕೊಂಡುಕೊಂಡರು. ಓದಿದ ಮೇಲೆ ಆ ಹರ್ಷ ಉಳಿಯಲಿಲ್ಲ.

ಯಂಗ್-ಹೇ ಎಂಬ ಗೃಹಿಣಿ ರಕ್ತದ ಕನಸೊಂದನ್ನು ಕಂಡು ಮನೆಯಲ್ಲಿದ್ದ ಮಾಂಸವನ್ನೆಲ್ಲ ಹೊರಗೆ ಹಾಕುತ್ತಾಳೆ. ಕಚೇರಿಯ ಔತಣಕ್ಕೆ ಅವಳು ಒಳ ಉಡುಪು ತೊಡದೆ ಬಂದಳೆಂಬುದು ಗಂಡನ ನಾಚಿಕೆ. ತಂದೆ ಅವಳ ಕೆನ್ನೆಗೆ ಹೊಡೆದು ಬಾಯಿಗೆ ಮಾಂಸ ತುರುಕುತ್ತಾನೆ. ಅವಳು ಮಣಿಕಟ್ಟು ಕೊಯ್ದುಕೊಳ್ಳುತ್ತಾಳೆ. ಅಕ್ಕನ ಗಂಡ ಕಲೆಯ ನೆಪದಲ್ಲಿ ಅವಳ ಮೈಮೇಲೆ ಹೂಗಳನ್ನು ಚಿತ್ರಿಸಿ ತನ್ನ ಕಾಮನೆಯನ್ನು ತೀರಿಸಿಕೊಳ್ಳುತ್ತಾನೆ. ಕಡೆಗೆ ಆಸ್ಪತ್ರೆಯಲ್ಲಿ, ತಾನು ಮರವಾಗುತ್ತೇನೆಂದು ಆಕೆ ಅನ್ನವನ್ನೇ ತೊರೆಯುತ್ತಾಳೆ. ಇಷ್ಟನ್ನೂ ನಾವು ಗಂಡ, ಭಾವ ಮತ್ತು ಅಕ್ಕನ ಕಣ್ಣಿನಿಂದಲೇ ನೋಡುತ್ತೇವೆ. ಕನಸಿನ ಕೆಲವು ತುಣುಕುಗಳನ್ನು ಬಿಟ್ಟರೆ ಅವಳ ಸ್ವಂತ ದನಿ ಪುಸ್ತಕದಲ್ಲಿ ಇಲ್ಲ.

ನಿಮ್ಮ ಪ್ರತಿಕ್ರಿಯೆಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಹಿರಿಯರೊಬ್ಬರು, ‘ಪಾಪ, ನಮ್ಮ ಮನೆಯಲ್ಲಿ ಹುಟ್ಟಬೇಕಾಗಿತ್ತು’ ಎಂದರು. ಇನ್ನೊಬ್ಬರಿಗೆ ಅವಳ ಕೊನೆ ಸಲ್ಲೇಖನದಂತೆ ಕಂಡಿತು. ಒಬ್ಬ ತಾಯಿ, ಇದನ್ನು ಹೆಣ್ಣುಮಕ್ಕಳ ಕೈಗೆ ಕೊಡಬಾರದೆಂದು ಪುಸ್ತಕವನ್ನು ಬೀರುವಿನ ಮೇಲಿನ ಅರೆಗೆ ಏರಿಸಿದರಂತೆ. (ಮಗಳು ಅದಾಗಲೇ ಫೋನಿನಲ್ಲಿ ಓದಿ ಮುಗಿಸಿದ್ದಳು.) ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಮಾತ್ರ, ‘ಅಡುಗೆ ಅವರದು, ಮನೆ ನಮ್ಮದೇ’ ಎಂದು ಸುಮ್ಮನಾದಳು.

ಸಲ್ಲೇಖನದ ಮಾತನ್ನು ಒಪ್ಪಲಾರೆ. ತತ್ತ್ವಾರ್ಥಸೂತ್ರವು ಸಲ್ಲೇಖನದ ಅತಿಚಾರಗಳಲ್ಲಿ ಮರಣಾಶಂಸೆಯನ್ನು, ಎಂದರೆ ಸಾವನ್ನು ಬಯಸುವುದನ್ನು, ಸೇರಿಸಿದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಾಗ ಸಮಾಜವೆಲ್ಲ ಬೀದಿಗಿಳಿದು ವಾದಿಸಿದ್ದು ಈ ಭೇದವನ್ನೇ. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ನ್ಯಾಯಾಲಯದ ಮುಂದೆ ಬಿಡಿಸಿ ತೋರಿಸಿದ ಗೆರೆಯನ್ನು ಕಾದಂಬರಿಯ ಮುಂದೆ ನಾವೇ ಅಳಿಸಬಾರದು. ಏಟು ತಿಂದು, ಸಂಕಟದಲ್ಲಿ ಅನ್ನ ಬಿಟ್ಟವಳನ್ನು ತಪಸ್ವಿನಿ ಎಂದು ಕರೆದರೆ ಅವಳ ಸಂಕಟ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು, ಇಂಥದ್ದು ನಮ್ಮ ಸಾಹಿತ್ಯದಲ್ಲಿಲ್ಲವೆಂಬ ಮಾತು. ಜನ್ನ ಕವಿ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಅಲ್ಲಿ ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಮಾವುತ ಅಷ್ಟವಂಕ. ನೋಡಿಬಂದ ಸಖಿ ಅವನ ಅಂಕುಡೊಂಕು ಮೈಯನ್ನು ವರ್ಣಿಸಿದರೂ ರಾಣಿ ಹಿಂಜರಿಯುವುದಿಲ್ಲ. ಇದನ್ನು ಕಂಡ ರಾಜ ಕತ್ತಿಯನ್ನು ತಡೆದುಕೊಂಡರೂ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ, ಹಿಟ್ಟು ಕೂಗುತ್ತದೆ. ಅಮೃತಮತಿ ಊಟದಲ್ಲಿ ವಿಷವಿಕ್ಕಿ ಗಂಡನನ್ನೂ ಅತ್ತೆಯನ್ನೂ ಕೊಲ್ಲುತ್ತಾಳೆ. ಅನ್ನ, ಕಾಮ, ದೇಹ ಮೂರೂ ಇಲ್ಲಿವೆ, ಎಂಟುನೂರು ವರ್ಷಗಳಿಂದ ಇವೆ.

ಆದರೆ ನಾನು ಕೇಳಿದ ಪ್ರವಚನಗಳಲ್ಲೆಲ್ಲ ಹಿಟ್ಟಿನ ಕೋಳಿಯ ಪ್ರಸಂಗವೇ ವಿಸ್ತಾರವಾಗಿರುತ್ತದೆ. ಸಂಕಲ್ಪಹಿಂಸೆಯ ಪಾಠ ದೊಡ್ಡದು, ಅದನ್ನು ಕಡಿಮೆ ಮಾಡುತ್ತಿಲ್ಲ. ಅಮೃತಮತಿಯ ಸರದಿ ಬಂದಾಗ ಮಾತ್ರ ‘ದುಶ್ಶೀಲೆ’ ಎಂಬೊಂದು ಪದದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಜನ್ನ ಹಾಗೆ ಮುಗಿಸಲಿಲ್ಲ. ಅವಳನ್ನು ನರಕಕ್ಕೆ ಕಳುಹಿಸುವ ಮುನ್ನ ಅವಳ ಮನಸ್ಸು ಆ ದನಿಗೆ ಹೇಗೆ ವಾಲಿತೆಂಬುದನ್ನು ನಿಧಾನವಾಗಿ ತೋರಿಸಿದ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ರಾಣಿಯನ್ನೇ ಜೈನಳನ್ನಾಗಿಸಿ ಅವಳಿಗೆ ಮಾತು ಕೊಟ್ಟರು. ಅದನ್ನು ಓದಿ ಕೋಪಗೊಂಡ ನಮ್ಮವರಲ್ಲಿ ಎಷ್ಟು ಮಂದಿ ಜನ್ನನನ್ನು ಪೂರ್ತಿ ಓದಿದ್ದರೋ!

ನನಗೆ ಈ ಪುಸ್ತಕ ತಂದದ್ದು ಬೇರೊಂದು ನೆನಪು. ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳು ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡಿದಳು. ಪಾರಣೆಯ ದಿನ ಹಾರ ಹಾಕಿದೆವು, ಫೋಟೋ ತೆಗೆದೆವು, ಊರಿನ ನೆಂಟರಿಗೆಲ್ಲ ಕಳುಹಿಸಿದೆವು. ಹಾರ ಹಾಕಿದವರಲ್ಲಿ ನಾನೂ ಒಬ್ಬ. ಎರಡು ವರ್ಷಗಳ ಬಳಿಕ ಅವಳೇ ಹೇಳಿದಳು: ಆ ಆಷಾಢದಲ್ಲಿ ನೋಡಲು ಬಂದ ವರನ ಕಡೆಯವರು ‘ಹುಡುಗಿ ಸ್ವಲ್ಪ ದಪ್ಪ’ ಎಂದು ಹೇಳಿ ಹೋಗಿದ್ದರು. ಅನ್ನ ಬಿಟ್ಟರೆ ಮನೆಯವರು ಬೈಯುತ್ತಿದ್ದರು. ವ್ರತವೆಂದರೆ ಯಾರೂ ಕಾರಣ ಕೇಳುವುದಿಲ್ಲ. ಹಾಗಾಗಿ ವ್ರತವೆಂದಳು. ಪರ್ವ ಮುಗಿದ ಮೇಲೂ ಅವಳು ಸರಿಯಾಗಿ ಉಣ್ಣಲಿಲ್ಲ. ಅದನ್ನು ನಾವು ಸಂಯಮವೆಂದು ಹೊಗಳಿದೆವು.

2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ಬಳಿಕ ತೀರಿಕೊಂಡಾಗ ದೇಶವೆಲ್ಲ ನಮ್ಮನ್ನು ಪ್ರಶ್ನಿಸಿತು. ಧರ್ಮದ ಮೇಲಿನ ಆಕ್ರಮಣವೆಂದು ನಾವು ಉತ್ತರಿಸಿದೆವು. ಉತ್ತರ ಶಾಸ್ತ್ರದಲ್ಲೇ ಇತ್ತು. ಷೋಡಶ ಭಾವನೆಗಳಲ್ಲಿ ಬರುವ ಪದ ‘ಶಕ್ತಿತಸ್ತಪ’, ಶಕ್ತಿಗೆ ತಕ್ಕ ತಪಸ್ಸು. ಬೆಳೆಯುವ ಮಗುವಿನ ಶಕ್ತಿಯನ್ನು ಅಳೆಯಬೇಕಾದವರು ಹಿರಿಯರು. ತಪಸ್ಸು ಯಾವ ಭಾವದಿಂದ ಹುಟ್ಟಿತೆಂದು ವಿಚಾರಿಸಬೇಕಾದವರೂ ಅವರೇ. ಮೆರವಣಿಗೆಯ ಗದ್ದಲದಲ್ಲಿ ಅದನ್ನು ವಿಚಾರಿಸಲಾಗುವುದಿಲ್ಲ.

ಆ ಹುಡುಗಿ ಈಗ ಚೆನ್ನಾಗಿದ್ದಾಳೆ, ವೈದ್ಯರ ಬಳಿ ಹೋಗುತ್ತಾಳೆ. ಬರುವ ಭಾದ್ರಪದದಲ್ಲಿ ಏಕಾಶನ ಮಾತ್ರ ಮಾಡುತ್ತೇನೆಂದಿದ್ದಾಳೆ. ಈ ಸಲ ಅವಳ ತಾಯಿ, ‘ಯಾಕೆ ಮಗಳೇ?’ ಎಂದು ಕೇಳಿದರಂತೆ. ಇಬ್ಬರೂ ಅಡುಗೆಮನೆಯಲ್ಲಿ ಒಂದು ಗಂಟೆ ಕುಳಿತು ಮಾತನಾಡಿದರಂತೆ. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ.

ಮುಂದಿನ ಸಭೆಗೆ ಜನ್ನನನ್ನು ತನ್ನಿ, ಪ್ರವಚನದಲ್ಲಿ ಬಿಟ್ಟುಹೋಗುವ ಪುಟಗಳ ಸಹಿತ. ಬೀರುವಿನ ಮೇಲಿರುವ ಪುಸ್ತಕವನ್ನೂ ದಯವಿಟ್ಟು ಕೆಳಗಿಳಿಸಿ. ಈಗ ಏಳೋಣ, ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆಯಷ್ಟೇ ಉಳಿದಿದೆ, ಒಳಗೆ ಎಲೆ ಹಾಕಿದ್ದಾರೆ.