ಅರಗಿನ ಗಾಡಿ

ಮೊಮ್ಮಗಳಿಗೆ ಹತ್ತು ತಿಂಗಳು ತುಂಬಿ, ಗೋಡೆ ಹಿಡಿದು ನಿಲ್ಲುವ ಹವಣಿಕೆ ತೋರಿದ ದಿನವೇ ನಾನು ಅಟ್ಟವನ್ನೇರಿದೆ. ನನ್ನ ವಯಸ್ಸಿನವರು ಏಣಿ ಹತ್ತಬಾರದೆಂದು ಮನೆಯವರ ಆಕ್ಷೇಪಣೆ ಇದ್ದೇ ಇತ್ತು. ಆದರೆ ಅಲ್ಲಿ, ಮುರಿದ ತೊಟ್ಟಿಲಿನ ಹಿಂದೆ, ಚನ್ನಪಟ್ಟಣದ ಮೂರು ಗಾಲಿಯ ಗಾಡಿಯೊಂದಿರುವುದು ನನಗೆ ಮಾತ್ರ ತಿಳಿದಿತ್ತು. ನಡಿಗೆ ಕಲಿಯುವ ಮಕ್ಕಳು ತಳ್ಳಿಕೊಂಡು ಹೋಗುವ ಗಾಡಿ. ಕೇಳುತ್ತಿರುವ ತಮ್ಮಲ್ಲಿಯೂ ಅನೇಕರು ಅಂಥದೊಂದನ್ನು ಹಿಡಿದೇ ಲೋಕಸಂಚಾರಕ್ಕೆ ಹೊರಟಿರಬಹುದು.

1962ರಲ್ಲಿ ಅಣ್ಣ (ತಂದೆಯವರನ್ನು ನಾವು ಹಾಗೆಯೇ ಕರೆಯುತ್ತಿದ್ದೆವು) ಅದನ್ನು ನನ್ನ ತಂಗಿಗೆಂದು ತಂದರು. ಎರಡು ವರ್ಷ ಕಳೆದು ಬಣ್ಣ ಮಾಸಿದಾಗ, ಕಿಟಕಿಗಳಿಗೆ ಬಳಿದು ಉಳಿದಿದ್ದ ಹಸಿರು ಎನಾಮಲ್ ಬಣ್ಣವನ್ನು ತಾವೇ ಕುಳಿತು ದಪ್ಪವಾಗಿ ಬಳಿದರು. ಮರುವರ್ಷದ ಮಳೆಗಾಲದಲ್ಲಿ ತಂಗಿ ಮೂರೇ ದಿನದ ಜ್ವರದಲ್ಲಿ ತೀರಿಕೊಂಡಳು. ಗಾಡಿ ಅಟ್ಟ ಸೇರಿತು. ಅಣ್ಣ ಅದರ ಮಾತನ್ನು ಮತ್ತೆ ಎತ್ತಲಿಲ್ಲ.

ಧೂಳು ಒರೆಸಿ ತಂದಿಟ್ಟಾಗ ಮಗಳು ಹೌಹಾರಿದಳು. “ಅಪ್ಪಾ, ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ಇವಳು ಕಂಡದ್ದನ್ನೆಲ್ಲ ಬಾಯಿಗಿಡುತ್ತಾಳೆ” ಎಂದಳು. ಅವಳ ಮಾತು ನಿಜ. ಸೀಸ ಎಳೆಯ ಮಕ್ಕಳ ಮಿದುಳಿಗೆ ಮಾಡುವ ಕೇಡು ಸರಿಹೋಗುವಂಥದಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಣ್ಣ ಪ್ರೀತಿಯಿಂದ ಬಳಿದ ಬಣ್ಣವನ್ನು ಕೆರೆಯದೆ ಗತ್ಯಂತರವಿರಲಿಲ್ಲ.

ಮಗಳನ್ನೂ ಮಗುವನ್ನೂ ಬೀಗರ ಮನೆಗೆ ಕಳುಹಿಸಿ, ಹಿತ್ತಲಿನಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ, ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು, ನೀರು ಚಿಮುಕಿಸುತ್ತ ಉಪ್ಪುಕಾಗದದಿಂದ ಉಜ್ಜಿದೆ. ಒಣದಾಗಿ ಉಜ್ಜಿದರೆ ಏಳುವ ಧೂಳು ಬಣ್ಣಕ್ಕಿಂತಲೂ ಅಪಾಯಕರ. ಹಸಿರಿನಲ್ಲಿ ಕುಂಚದ ಕೂದಲೊಂದು ಸಿಕ್ಕಿಕೊಂಡಿತ್ತು. ಮೂರನೆಯ ದಿನ ಹಿಡಿಯ ಮೇಲೆ ಅಸಲು ಅರಗಿನ ಹಳದಿ ಕಾಣಿಸಿತು. ಅದರ ಜೊತೆಗೆ ಸಾಲಾಗಿ ನಾಲ್ಕು ಪುಟ್ಟ ಕುಳಿಗಳು. ಹುಳು ಹೊಡೆದದ್ದೆಂದು ಮೊದಲು ಭಾವಿಸಿದೆ. ಹಲ್ಲಿನ ಗುರುತುಗಳು. ಅಣ್ಣ ಅವುಗಳ ಮೇಲೆಯೇ ಬಣ್ಣ ಬಳಿದಿದ್ದರು. ಕುಳಿಗಳ ತಳದಲ್ಲಿ ಹಸಿರು ಉಳಿದಿತ್ತು. ಉಪ್ಪುಕಾಗದ ಅಲ್ಲಿಗೆ ಇಳಿಯದು.

ಬಿರುಕು ಬಿಟ್ಟ ಗಾಲಿಯನ್ನೂ ಹಿಡಿಯನ್ನೂ ಕಟ್ಟಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಗೊಂಬೆ ಕಡೆಯುವ ವೃದ್ಧ ಸಾಹೇಬರೊಬ್ಬರು ಗಾಲಿಯನ್ನು ಮೂಸಿ ನೋಡಿ, “ಆಲೆಮರ ಸ್ವಾಮಿ, ಒಳ್ಳೆಯದು” ಎಂದರು. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಮೇಲೆ ಕೇದಗೆಯ ಗರಿ ಹಿಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ಕುಂಚದ ಕೆಲಸವೇ ಇಲ್ಲ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ. ಪಾಂಡವರನ್ನು ಸುಡಲು ಮನೆ ಕಟ್ಟಿಸಿದ ವಸ್ತುವೇ ಮಕ್ಕಳ ಕೈಗೆ ಇಷ್ಟು ಸಾಧುವಾಗಿ ಬರುವುದನ್ನು ಕಂಡು ನನಗೆ ನಗು ಬಂತು.

ಹಿಡಿಯ ಸರದಿ ಬಂದಾಗ ಸಾಹೇಬರು ಕೈ ತಡೆದರು. ಕುಳಿಗಳನ್ನು ಬೆರಳಿನಿಂದ ಸವರಿ, “ಇದು ಯಾರದು?” ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಟ್ಟುಕೊಳ್ಳುವುದಾದರೆ ಹೀಗೆಯೇ ಕೊಂಡುಹೋಗಿ ಸ್ವಾಮಿ. ಮಗುವಿಗಾದರೆ ಒಂದು ಪದರ ಕಡೆಯಲೇಬೇಕು” ಎಂದರು.

ಹೊಸ ಹಿಡಿ ಮಾಡಿಸಿ ಹಳೆಯದನ್ನು ಬೀರುವಿನಲ್ಲಿಡಬಹುದಿತ್ತು. ಅದನ್ನೂ ಯೋಚಿಸಿದೆ. ಆದರೆ ಬೀರುವಿನಲ್ಲಿಟ್ಟ ಹಿಡಿಯನ್ನು ನೋಡುವವನು ನಾನೊಬ್ಬನೇ; ನನ್ನ ಅನಂತರ ಅದೊಂದು ಮರದ ತುಂಡು. ಆ ತಂಗಿ ಹಿಡಿದು ನಡೆದ ಮರವನ್ನೇ ಈ ಮಗು ಹಿಡಿಯಲಿ ಎಂಬ ಆಸೆಗಾಗಿ ತಾನೆ ನಾನು ಏಣಿ ಹತ್ತಿದ್ದು? ಕಡೆಯಿರಿ ಎಂದೆ, ಎಂದವನು ಅಲ್ಲಿ ನಿಲ್ಲಲಾರದೆ ಬೀದಿಗೆ ಬಂದು ನಿಂತೆ. ಒಳಗೆ ಯಂತ್ರದ ಸದ್ದು ಒಂದೆರಡು ನಿಮಿಷಕ್ಕಿಂತ ಹೆಚ್ಚು ಕೇಳಿಸಲಿಲ್ಲ. ಕಡೆದ ಹೊಟ್ಟನ್ನು ಬೇರೆಯಾಗಿ ಕಟ್ಟಿಸಿಕೊಂಡೆ, ಯಾವ ಮಗುವಿನ ಕೈಗೂ ಸಿಗಬಾರದೆಂದು.

ಗಾಡಿ ಈಗ ಹಳದಿ, ಒಂದು ಗಾಲಿ ಮಾತ್ರ ಹೊಸದು. ನಡುಮನೆಯಲ್ಲಿಟ್ಟಾಗ ಮೊಮ್ಮಗಳು ಅದನ್ನು ತಳ್ಳಲಿಲ್ಲ. ಎದುರಿಗೆ ಕುಳಿತು, ಎರಡು ಕೈಯಿಂದ ಹಿಡಿಯನ್ನು ಬಳಿಗೆಳೆದುಕೊಂಡು, ಹೊಸದಾಗಿ ಬಂದ ಹಲ್ಲುಗಳಿಂದ ಕಚ್ಚಿದಳು. ಮಗಳು ಬಿಡಿಸಲು ಧಾವಿಸಿದಳು. ನಾನು ಬೇಡವೆಂದೆ.