ಕಡಲು ದಾಟಿದ ಕಾಗದಗಳು



ನಾವು ಇಂದು ತಮ್ಮ ಮುಂದೆ ಅರಿಕೆ ಮಾಡಹೊರಟಿರುವ ವಿಷಯವು ಮೇಲ್ನೋಟಕ್ಕೆ ಈ ಗದ್ವಾಲಿಗೆ ಸಂಬಂಧಪಡದುದೆಂದು ತೋರಬಹುದು. ಕೃಷ್ಣೆ ತುಂಗಭದ್ರೆಗಳ ನಡುವಣ ನಡಿಗಡ್ಡೆಯ ಜನರಾದ ನಾವು ಹೊಳೆಯನ್ನು ಬಲ್ಲೆವು, ಹರಿಗೋಲನ್ನು ಬಲ್ಲೆವು; ಕಡಲಾದರೋ ನಮಗೆ ಕೇಳಿಕೆಯ ಮಾತು. ಹಾಗಿದ್ದೂ ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗೇರಿ ಹೋದವರಿಗೂ ದಡದಲ್ಲಿ ಉಳಿದ ಅವರ ಬಂಧುಗಳಿಗೂ ನಡುವೆ ಓಡಾಡಿದ ಕಾಗದಗಳ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ಅಂತಹ ಕಾಗದಗಳ ಒಂದು ಕಂತೆ ನಮ್ಮ ನೆರೆಯ ಸುರಪುರದ ಗುಡ್ಡದಿಂದಲೇ ಹೊರಟು ಏಳು ಸಮುದ್ರ ದಾಟಿತು. ಅದೇ ಕಾಲದಲ್ಲಿ ನಮ್ಮ ಮನೆಗಳಲ್ಲಿ ಹುಟ್ಟಿದ ಕಾಗದಗಳು ಎಲ್ಲಿ ಹೋದವು ಎಂಬ ಪ್ರಶ್ನೆಯನ್ನೂ ಅದು ನಮ್ಮ ಮುಂದೆ ತಂದಿಡುತ್ತದೆ.

ಮೊದಲು ನಾವಿಕನ ಕಾಗದದ ಸ್ವರೂಪವನ್ನು ತಿಳಿಯೋಣ. ಇಂಗ್ಲೆಂಡಿನಲ್ಲಿ 1840ಕ್ಕೆ ಮೊದಲು ಅಂಚೆಯ ಖರ್ಚು ಬಹು ದುಬಾರಿಯಾಗಿತ್ತು. ಹಾಳೆಯ ಲೆಕ್ಕಕ್ಕೂ ದೂರದ ಲೆಕ್ಕಕ್ಕೂ ಹಣ ಬೀಳುತ್ತಿತ್ತು, ಅದನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ತೆರಬೇಕಾಗಿತ್ತು. ಬಡ ನಾವಿಕನ ತಾಯಿಯು ಮಗನ ಕಾಗದವನ್ನು ಬಿಡಿಸಿಕೊಳ್ಳಲು ಎಲ್ಲಿಂದ ಹಣ ತಂದಾಳು? ಈ ಕಷ್ಟವನ್ನು ಕಂಡು 1795ರಲ್ಲಿ ಅಲ್ಲಿಯ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿತು. ನೌಕಾಪಡೆಯ ಸಾಮಾನ್ಯ ನಾವಿಕನೂ ಸೈನ್ಯದ ಸಿಪಾಯಿಯೂ ಮುಂಗಡವಾಗಿ ಒಂದು ಪೆನ್ನಿ ಕೊಟ್ಟು ಕಾಗದ ಕಳುಹಿಸಬಹುದಾಯಿತು. ಹೊರಮೈ ಮೇಲೆ ಅವನ ಹೆಸರು, ಹಡಗಿನ ಹೆಸರು, ಮೇಲಧಿಕಾರಿಯ ರುಜು ಇರಬೇಕಾಗಿತ್ತು. ಅಕ್ಷರ ಬಾರದವರ ಪರವಾಗಿ ಅಕ್ಷರ ಬಲ್ಲ ಜೊತೆಗಾರನು ಬರೆಯುತ್ತಿದ್ದನು. ನಮ್ಮ ಹಳ್ಳಿಗಳಲ್ಲಿ ಶಾಲೆಯ ಮಾಸ್ತರರೋ ಕುಲಕರ್ಣಿಯವರೋ ಕಟ್ಟೆಯ ಮೇಲೆ ಕುಳಿತು, "ಮುಂದೇನು ಬರೀಲವ್ವಾ?" ಎಂದು ಕೇಳುತ್ತ ಬರೆದುಕೊಟ್ಟಂತೆಯೇ ಅದು. ಬರೆಸುವವರ ಮನಸ್ಸಿನ ಗುಟ್ಟಿನ ಮಾತು ಬರೆಯುವವರ ಕಿವಿಗೆ ಅಂಜಿ ಅರ್ಧಕ್ಕೇ ನಿಲ್ಲುವುದು ಎರಡೂ ಕಡೆ ಸಮಾನ.

ನಮ್ಮ ಕನ್ನಡ ಕರಾವಳಿಯಲ್ಲಿಯೂ ಕಾರವಾರ, ಕುಮಟೆ, ಮಂಗಳೂರುಗಳಿಂದ ಹಾಯಿಯ ಮಚವೆಗಳು ಮುಂಬಯಿಗೂ ಆಚೆಗೂ ಹೋಗುತ್ತಿದ್ದವು. ಮಳೆಗಾಲ ಹಿಡಿಯುವ ಮುನ್ನ ದಡ ಸೇರುವುದು ಅಲ್ಲಿಯ ಕಟ್ಟಳೆ. ಮನೆಗೆ ಮರಳುವ ತಿಂಗಳು ಮೊದಲೇ ತಿಳಿದವರಿಗೆ ಬಾಯಿಮಾತಿನ ಸುದ್ದಿಯೇ ಸಾಕಾಗಿರಬೇಕು. ಮರಳುವ ತಿಂಗಳಿರಲಿ, ವರುಷವೇ ತಿಳಿಯದವನಿಗೆ ಕಾಗದ ಬೇಕು.

ಅಂತಹ ಒಬ್ಬ ಹುಡುಗನು 1824ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಹಡಗು ಹತ್ತಿದನು. ಹೆಸರು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರಲ್ಲಿ, ಹಡಗುಗಳ ಊರಾದ ಲಿವರ್‌ಪೂಲಿನಲ್ಲಿ, ತಂದೆ ವ್ಯಾಪಾರಿ. ಅವನು ಕಸುಬಿನಿಂದ ನಾವಿಕನಲ್ಲ. ಆದರೆ ಹದಿನೈದು ವರುಷದ ಮಗನನ್ನು ಹಡಗಿಗೆ ಹತ್ತಿಸಿ ದಡದಲ್ಲಿ ನಿಂತ ತಂದೆತಾಯಿಗಳ ಪಾಲಿಗೆ ಈ ಭೇದದಿಂದ ಏನಾಗಬೇಕು? ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಆಗಿನ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ಬರಬೇಕಾಗಿತ್ತು. ನಾಲ್ಕು ತಿಂಗಳಿಗೂ ಮಿಗಿಲಾದ ಪ್ರಯಾಣ ಅದು. ಕಾಗದವೂ ಅದೇ ಹಡಗಿನಲ್ಲಿ ಹೋಗಿ ಬರಬೇಕಾದುದರಿಂದ "ಸುಖವಾಗಿ ತಲುಪಿದೆನು" ಎಂಬ ಒಂದು ಮಾತಿಗೆ "ಸಂತೋಷ" ಎಂಬ ಉತ್ತರ ಬರುವಷ್ಟರಲ್ಲಿ ಹೆಚ್ಚುಕಡಿಮೆ ವರುಷ ಕಳೆಯುತ್ತಿತ್ತು. ಮುಂಬಯಿಯ ವ್ಯಾಪಾರದ ಕೋಠಿಯೊಂದರಲ್ಲಿ ಮುಂದೆ ಪಾಲು ದೊರೆಯುವುದೆಂಬ ಆಸೆಯಿಂದ ಹುಡುಗನನ್ನು ಕಳುಹಿಸಲಾಗಿತ್ತು. ಬಂದು ನೋಡಿದರೆ ಕೋಠಿಯ ಸ್ಥಿತಿಯೇ ಸರಿಯಿಲ್ಲ! ಹುಡುಗನು ಅದೇ ವರುಷ ನಿಜಾಮರ ಸೈನ್ಯವನ್ನು ಸೇರಿದನು. ಮಗನು ವ್ಯಾಪಾರದ ಲೆಕ್ಕ ಬರೆಯುತ್ತಿರುವನೆಂದು ಮನೆಯವರು ಎಣಿಸುತ್ತಿದ್ದ ದಿನಗಳಲ್ಲಿ ಅವನು ಆಗಲೇ ಕತ್ತಿ ಕಟ್ಟಿಕೊಂಡಿದ್ದನು. ಕಡಲಿನ ಕಾಗದದ ಲಕ್ಷಣವೇ ಇದು: ಓದುವವರ ಕೈಯಲ್ಲಿರುವ ಸುದ್ದಿಯು ಬರೆದವನ ಹಳೆಯ ಸುದ್ದಿ. ಬರೆದವನು ತೀರಿಹೋದ ಮೇಲೂ ಅವನ ಕ್ಷೇಮಸಮಾಚಾರವು ಮನೆಗೆ ಬಂದ ಉದಾಹರಣೆಗಳು ನಾವಿಕರ ಸಂಸಾರಗಳಲ್ಲಿ ಅಪರೂಪವಲ್ಲ.

ಮುಂದೆ ಈ ಅವಧಿ ತಗ್ಗಿತು. 1830ರಲ್ಲಿ ಹ್ಯೂ ಲಿಂಡ್ಸೆ ಎಂಬ ಉಗಿಹಡಗು ಮುಂಬಯಿಯಿಂದ ಸುಯೆಜಿಗೆ ಹೋಯಿತು. ಆ ಬಳಿಕ ಟಪಾಲು ಸುಯೆಜಿನಲ್ಲಿಳಿದು, ಒಂಟೆ ಬಂಡಿಗಳ ಮೇಲೆ ಈಜಿಪ್ಟಿನ ಮರಳುಗಾಡನ್ನು ದಾಟಿ, ಅಲೆಕ್ಸಾಂಡ್ರಿಯದಲ್ಲಿ ಬೇರೊಂದು ಹಡಗು ಹತ್ತುವ ಏರ್ಪಾಡು ಬೆಳೆಯಿತು. ತಿಂಗಳುಗಳ ದಾರಿ ವಾರಗಳಿಗೆ ಇಳಿಯಿತು. ನಮ್ಮ ಸೀಮೆಯಲ್ಲಾದರೋ ಗೆಜ್ಜೆಯ ಕೋಲು ಹಿಡಿದ ಹರಕಾರನ ಕಾಲೇ ಉಗಿಯಂತ್ರ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅಂಬಿಗನ ಹರಿಗೋಲಿಗಾಗಿ ಕಾಯಬೇಕು. ಲಂಡನ್ನಿನಿಂದ ಬಂದ ಕಾಗದವು ಸಮುದ್ರಗಳನ್ನು ದಾಟಿ, ಕೊನೆಗೆ ನಮ್ಮ ಕೃಷ್ಣೆಯ ದಡದಲ್ಲಿ ತೊಗಲಿನ ದೋಣಿಯ ದಾರಿ ಕಾಯುವುದೆಂದರೆ ವಿನೋದವಲ್ಲವೆ! 1871ರಲ್ಲಿ ಮುಂಬಯಿಯ ಕಡೆಯ ರೈಲೂ ಮದರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದ ಮೇಲೆ ಆ ಕಾಯುವಿಕೆ ತಪ್ಪಿತು. ಮಖ್ತಲ ಸೀಮೆಯ ಕೃಷ್ಣಾ ಸ್ಟೇಷನ್ನಿನ ಬಳಿಯ ಸೇತುವೆಯನ್ನು ಇಂದಿಗೂ ರೈಲು ದಾಟುವಾಗ ಮಕ್ಕಳು ಕಿಟಕಿಯಿಂದ ಕಾಸು ಎಸೆಯುವುದುಂಟು. ಆ ಸೇತುವೆಯ ದಾರಿಯು ಟಪಾಲಿನ ದಾರಿಯೂ ಹೌದೆಂಬುದನ್ನು ಅವರಿಗೆ ತಿಳಿಸಬೇಕು.

ಟೇಲರ್ ಸಾಹೇಬರು 1841ರಲ್ಲಿ ಸುರಪುರಕ್ಕೆ ಬಂದರು. ಬೇಡ ನಾಯಕರ ಆ ಸಂಸ್ಥಾನದಲ್ಲಿ ಉತ್ತರಾಧಿಕಾರಿಯಾದ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನವರು. ಒಳಜಗಳ, ಬಾಕಿ ಬಿದ್ದ ಪೇಷ್ಕಷ್, ಹದಗೆಟ್ಟ ಆಡಳಿತ. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಯ ಕೈಗೆ ರಾಜ್ಯವನ್ನು ಒಪ್ಪಿಸುವವರೆಗೂ ಅವರು ಅಲ್ಲಿದ್ದರು. ಕೆರೆ ಕಟ್ಟಿಸಿದರು, ಬೋನಾಳದ ಕೆರೆಗೆ ಇಂದು ಹಕ್ಕಿಗಳು ಬಂದು ಸೇರುತ್ತವೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಂಬ ಮನೆಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಪತ್ನಿ ಮೇರಿ 1844ರಲ್ಲಿ ತೀರಿಕೊಂಡರು, ಅವರು ಮರುಮದುವೆಯಾಗಲಿಲ್ಲ. ಇಂತಹ ಒಂಟಿತನದಲ್ಲಿ ಮನುಷ್ಯನಿಗೆ ಕಾಗದವೇ ಗೆಳೆಯನಾಗುತ್ತದೆ. ಲಂಡನ್ನಿನಲ್ಲಿದ್ದ ಸೋದರಬಂಧು ಹೆನ್ರಿ ರೀವ್ ಎಂಬವರಿಗೆ ಅವರು ಬರೆದ ಕಾಗದಗಳನ್ನು ಸರ್ ಪ್ಯಾಟ್ರಿಕ್ ಕೆಡೆಲ್ ಅವರು ಸಂಪಾದಿಸಿದರು. 1947ರಲ್ಲಿ ಅವು ಗ್ರಂಥರೂಪದಲ್ಲಿ ಹೊರಬಂದವು.

ಇಲ್ಲಿ ಒಂದು ಸೂಕ್ಷ್ಮವುಂಟು. ರೀವ್ ಅವರು 1840ರಿಂದ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಬಳಗದಲ್ಲಿದ್ದರು; ಟೇಲರರು ಅದೇ 1840ರಿಂದ 1853ರವರೆಗೆ ಆ ಪತ್ರಿಕೆಗೆ ಬಾತ್ಮೀದಾರರು. ಆದ್ದರಿಂದ ನಂಟನಿಗೆ ಬರೆದ ಕ್ಷೇಮದ ಕಾಗದವು ಕೇವಲ ಕ್ಷೇಮದ ಕಾಗದವಾಗಿ ಉಳಿಯಲಿಲ್ಲ. ಹೈದರಾಬಾದಿನ ದರಬಾರು, ಸಾಲ, ಮಂತ್ರಿಗಳ ಮೇಲಾಟ ಇವುಗಳ ತಿಳಿವಳಿಕೆಯು ನಂಟಸ್ತಿಕೆಯ ದಾರಿಯಲ್ಲಿಯೇ ರಾಜಧಾನಿಗೆ ನಡೆಯಿತು. ಟೇಲರರು ಈ ನಾಡಿನ ಜನರನ್ನು ಪ್ರೀತಿಸಿದವರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಬರೆದವರು ಆಳುವವರ ಪಂಗಡದವರೆಂಬುದನ್ನು ಓದುವಾಗ ಮರೆಯಲಾಗದು. ಕಚೇರಿಯ ಕಾಗದದಲ್ಲಿ ಆಡದ ಬೇಸರ, ಭಯ, ಹೆಮ್ಮೆಗಳು ಮನೆಯ ಕಾಗದದಲ್ಲಿ ಹೊರಬೀಳುತ್ತವೆ. ಅವು ಒಬ್ಬರ ಬೇಸರ, ಒಬ್ಬರ ಹೆಮ್ಮೆ. ಸುರಪುರದ ಅರಮನೆಯೊಳಗೆ ರಾಣಿಯವರು ತಮ್ಮ ತವರಿನವರೊಡನೆ ಏನು ಹಂಚಿಕೊಂಡರೆಂಬುದಕ್ಕೆ ಸಮನಾದ ಕಾಗದದ ಕಟ್ಟು ನಮ್ಮ ಕಪಾಟಿನಲ್ಲಿಲ್ಲ.

ಬಾಲಕ ವೆಂಕಟಪ್ಪ ನಾಯಕನು ಟೇಲರರನ್ನು "ಅಪ್ಪಾ" ಎಂದು ಕರೆಯುತ್ತಿದ್ದನು. 1858ರಲ್ಲಿ ಅವನು ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದನು. ಟೇಲರರು ಸೆರೆಮನೆಯಲ್ಲಿ ಅವನನ್ನು ಕಂಡರು. ಮರಣದಂಡನೆಯು ಇಳಿದು ಕೊನೆಗೆ ನಾಲ್ಕು ವರುಷದ ಸೆರೆಯಾಯಿತು. ಆದರೆ ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ತರುಣ ದೊರೆಯು ಗುಂಡೇಟಿನಿಂದ ಮಡಿದನು. ಆ ಗುಂಡಿನ ವಿಷಯದಲ್ಲಿ ಸರಕಾರದ ಬರಹ ಹೇಳುವುದೊಂದು, ಜನರ ಬಾಯಲ್ಲಿರುವುದು ಇನ್ನೊಂದು. ಟೇಲರರು 1860ರಲ್ಲಿ ಇಂಗ್ಲೆಂಡಿಗೆ ಮರಳಿದರು. ಬಾಳಿನ ಕೊನೆಗೆ ಕಣ್ಣು ಮಂಜಾಗಿದ್ದರೂ ಮತ್ತೊಮ್ಮೆ ಹಡಗು ಹತ್ತಿ 1875ರಲ್ಲಿ ಹೈದರಾಬಾದಿಗೆ ಬಂದರು. ಹಿಂದಿರುಗುವಾಗ 1876ರಲ್ಲಿ ಫ್ರಾನ್ಸಿನ ಮೆಂಟೋನಿನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು 1877ರಲ್ಲಿ ಪ್ರಕಟಿಸಿದರು. ಮುನ್ನುಡಿ ಬರೆದವರು ಅದೇ ರೀವ್. ಕಾಗದವನ್ನು ಕೂಡಿಡುವ ಮನೆತನದಲ್ಲಿ ಮನುಷ್ಯನು ಸತ್ತ ಮೇಲೂ ಹೇಗೆ ಮಾತನಾಡುತ್ತಾನೆ ನೋಡಿರಿ.

ಇನ್ನು ನಮ್ಮ ಮನೆಗಳ ಕಡೆ ಬರೋಣ. ನಮ್ಮ ಹಿರಿಯರು ಕಾಗದ ಬರೆಯದವರೇನಲ್ಲ. ತೀರ್ಥರೂಪರಿಗೆ ಸಾಷ್ಟಾಂಗ, ಚಿರಂಜೀವಿಗೆ ಆಶೀರ್ವಾದ, ಈ ಕಡೆ ಕ್ಷೇಮ, ಆ ಕಡೆಯ ಕ್ಷೇಮಕ್ಕೆ ಬರೆಯುವುದು. ಆಮೇಲೆ ಮಳೆ, ಜೋಳದ ಧಾರಣೆ, ಎಮ್ಮೆ ಈದದ್ದು, ಕನ್ಯೆ ನೋಡಲು ಬರುವವರ ಸಂಗತಿ. 1879ರಲ್ಲಿ ಕಾಲಾಣೆಯ ಕಾರ್ಡು ಬಂದ ಮೇಲೆ ಇದು ಬಡವರಿಗೂ ಎಟುಕಿತು. ಮಂಗಳದ ಕಾಗದಕ್ಕೆ ಅರಿಸಿನ ಹಚ್ಚುವರು. ಸಾವಿನ ಕಾಗದವನ್ನು ಓದಿದೊಡನೆ ಹರಿದು ಹೊರಗೆ ಹಾಕುವರು. ಈ ಪದ್ಧತಿಯ ಫಲವಾಗಿ ನಮ್ಮ ಟ್ರಂಕುಗಳಲ್ಲಿ ಉಳಿದಿರುವುದೆಲ್ಲ ಮದುವೆ, ತೊಟ್ಟಿಲು, ಜಾತ್ರೆ. ಯಾವ ವರುಷ ಪ್ಲೇಗು ಮನೆಯನ್ನು ಬರಿದು ಮಾಡಿತು, ಯಾವ ಬರದಲ್ಲಿ ಯಾರು ಊರು ಬಿಟ್ಟರು ಎಂಬುದು ಹರಿದ ಚೂರುಗಳೊಡನೆ ಗಾಳಿಗೆ ಹೋಯಿತು. ನಾವಿಕರ ಸಂಸಾರಗಳಾದರೋ ಸಾವಿನ ಕಾಗದವನ್ನೇ ಎಲ್ಲಕ್ಕಿಂತ ಜತನವಾಗಿ ಇಟ್ಟುಕೊಂಡವು. ಗೋರಿ ಕಾಣಲಾರದವರಿಗೆ ಅದೇ ಗೋರಿ.

1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಅಂದು ರಾಯಚೂರು ಮೈಸೂರು ರಾಜ್ಯಕ್ಕೂ ನಾವು ಆಂಧ್ರಪ್ರದೇಶದ ಮಹಬೂಬನಗರಕ್ಕೂ ಹೋದೆವು. 2014ರಲ್ಲಿ ತೆಲಂಗಾಣಕ್ಕೆ ಬಂದೆವು. ಹೆಣ್ಣು ಕೊಟ್ಟ ಊರು ಒಂದು ರಾಜ್ಯ, ತವರು ಇನ್ನೊಂದು ರಾಜ್ಯವಾದಾಗ ಕನ್ನಡದ ಕಾಗದವೇ ನಡುವಣ ಹರಿಗೋಲಾಯಿತು. ಅದನ್ನು ಬರೆದವರ ಮೊಮ್ಮಕ್ಕಳಲ್ಲಿ ಹಲವರು ಇಂದು ತೆಲುಗು ಇಲ್ಲವೆ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡವಾಡುತ್ತಾರೆ, ಅಜ್ಜನ ಕೈಬರಹ ಮಾತ್ರ ಅವರಿಗೆ ಗೀರುಗಳ ಸಾಲು. ಕಾಗದವನ್ನು ಗೆದ್ದಲು ತಿನ್ನುವ ಮೊದಲೇ ಓದುವ ಕಣ್ಣು ಇಲ್ಲವಾದರೆ ಟ್ರಂಕಿನಲ್ಲಿ ಇದ್ದರೂ ಇಲ್ಲದಂತೆಯೇ.

ಆದುದರಿಂದ ಈ ಸಲದ ಬೇಸಗೆಯ ರಜೆಯಲ್ಲಿ ಮನೆಯ ಹಿರಿಯರು ಗಟ್ಟಿಯಾಗಿ ಓದಲಿ, ಮಕ್ಕಳು ಬರೆದುಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಮಾತನ್ನು ತಿದ್ದಬಾರದು, "ಹೋಗ್ಯಾನ" ಎಂದಿದ್ದರೆ "ಹೋಗ್ಯಾನ" ಎಂದೇ ಬರೆಯಬೇಕು. ಬರೆದವರು ತಿಥಿ ವಾರ ಹಾಕಿ ಇಸವಿಯನ್ನು ಬಿಟ್ಟಿದ್ದರೆ ಅಂಚೆಯ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿರಿ. ನಿಜಾಮರ ಕಾಲದ ಕಾಗದದಲ್ಲಿ ಫಸಲಿ ವರುಷವಿದ್ದರೆ ಅದಕ್ಕೆ 590 ಕೂಡಿಸಿರಿ, ಕೆಲವು ತಿಂಗಳುಗಳಿಗೆ 591. ಫಸಲಿ 1350 ಎಂದಿದ್ದರೆ ಅದು 1940 ಇಲ್ಲವೆ 1941.