ತಾಯಿಯ ಜೀವ, ಗಂಡಸರ ಹೊಣೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತು ಬೆಳಗಿನಿಂದ ಸಾಕಷ್ಟಾಯಿತು. ನಾನು ಮನೆಯೊಳಗಿನ ಒಂದು ಮಾತು ಹೇಳತೀನಿ. ನಗಬ್ಯಾಡ್ರಿ.

ನನಗೆ ಐದು ವರ್ಷದೊಳಗೆ ಮೂರು ಮಕ್ಕಳಾದವು. ಹತ್ತಿ ಬಿಡಿಸುವಾಗ ಹೆಂಡತಿ ಬಸುರಿ, ಕಳೆ ತೆಗೆಯುವಾಗ ಬಾಣಂತಿ. ಮೂರನೇ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಡಾಕ್ಟರಮ್ಮ ನನ್ನನ್ನು ಕರೆದು, "ಇವಳ ಮೈಯಾಗ ರಕ್ತ ಇಲ್ಲ, ಈಗ ಆಪರೇಷನ್ ಬ್ಯಾಡ. ನೀವೇ ಮಾಡಿಸಿಕೊಳ್ರಿ" ಅಂದರು. ಹೂಂ ಅಂದು ಊರಿಗೆ ಬಂದೆ. ಕಟ್ಟೆಯ ಮೇಲಿನ ಮಂದಿ "ಗಳೇ ಹೊಡೆಯೋ ಕಸುವೇ ಹೋಗತದ" ಅಂದರು. ಸುಮ್ಮನಾಗಿಬಿಟ್ಟೆ.

ವರ್ಷ ತುಂಬುವುದರೊಳಗೆ ಆಕೆ ಮತ್ತೆ ಬಸುರಿ. ಎಂಟನೇ ತಿಂಗಳಲ್ಲಿ ಮುಖ, ಕಾಲು ಬಾತವು. ತಲೆ ಸಿಡಿಯುತ್ತದೆ ಅಂದಳು. ಬಿಸಿಲಿಗೆ ಅಂದುಕೊಂಡೆ. ರಾತ್ರಿ ಫಿಟ್ಸ್ ಬಂತು. ರಾಯಚೂರು ಮುಟ್ಟುವಷ್ಟರಲ್ಲಿ ಬೆಳಗಾಯಿತು. ಆಕೆ ಉಳಿದಳು, ಕೂಸು ಉಳಿಯಲಿಲ್ಲ. ಆ ತಪ್ಪು ನನ್ನದು.

ಆಮೇಲೆ ನಾನೇ ಆಪರೇಷನ್ ಮಾಡಿಸಿಕೊಂಡೆ. ಅರ್ಧ ತಾಸಿನ ಕೆಲಸ, ಹೊಲಿಗೆ ಇಲ್ಲ, ಅಂದೇ ಮನೆಗೆ ಬಂದೆ. ಒಂದು ವಾರ ಭಾರ ಎತ್ತಲಿಲ್ಲ. ಮೂರು ತಿಂಗಳು ನಿರೋಧ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ. ಕಸುವು ಹೋಗಿಲ್ಲ, ಈ ವರ್ಷವೂ ನನ್ನ ಹೊಲ ನಾನೇ ಬಿತ್ತಿದ್ದೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಹೊಟ್ಟೆ ಕೊಯ್ಯುವ ಆಪರೇಷನ್ ಹೆಂಗಸಿಗೆ, ಸುಲಭದ್ದು ಗಂಡಸಿಗೆ ಬ್ಯಾಡ! ಇದು ಯಾವ ನ್ಯಾಯ?

ಆಪರೇಷನ್ ಬೇಡವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಾಧನಗಳಿವೆ. ಕಾಪರ್-ಟಿ ಹಾಕಿಸಿದರೆ ಮೊದಲ ಕೆಲ ತಿಂಗಳು ಮುಟ್ಟು ಹೆಚ್ಚಾಗಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನಿಂದ ಮುಟ್ಟು ಹಿಂದುಮುಂದಾಗಬಹುದು. ಬಿ.ಪಿ. ಇದ್ದವರಿಗೆ ಮಾಲಾ-ಎನ್ ಗುಳಿಗೆ ಆಗದು. ಆದ್ದರಿಂದ ಯಾರೋ ಹೇಳಿದರೆಂದು ತೆಗೆದುಕೊಳ್ಳಬೇಡಿ, ವೈದ್ಯರನ್ನು ಕೇಳಿ ಆರಿಸಿಕೊಳ್ಳಿ. ಎರಡು ಹೆರಿಗೆಯ ನಡುವೆ ಮೂರು ವರ್ಷ ಬಿಡುವಿರಲಿ. ಹೆಣ್ಣುಮಗಳಿಗೆ 18 ತುಂಬುವ ಮೊದಲು ಮದುವೆಯೇ ಬೇಡ.

ಬಸುರಿಗೆ ತಲೆನೋವು, ಕಣ್ಣು ಮಂಜು, ಮುಖ ಬಾವು, ರಕ್ತಸ್ರಾವ ಕಂಡರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಹೆರಿಗೆಯಾದ ಮೊದಲ ದಿನವಂತೂ ಕಣ್ಣಿಟ್ಟು ಕಾಯಿರಿ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ರಾಯಚೂರಿನ ದೊಡ್ಡಾಸ್ಪತ್ರೆಗೆ ದಾರಿ ದೂರ, ಅಲ್ಲಿ ಗಳಿಗೆಗಳಿಗೂ ಬೆಲೆ ಇದೆ.

2016ರಿಂದ ಪ್ರತಿ ತಿಂಗಳು 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂದು ಹತ್ತಿ ಹೊಲದಲ್ಲಿ ನಿಂತರೂ ನಿಲ್ಲಲಿ, ತಾಯಿ ಕಾರ್ಡ್ ಹಿಡಿದು ಗಂಡನೇ ಜೊತೆಗೆ ಹೋಗಲಿ. ಗಾಡಿ ಇದ್ದ ಸದಸ್ಯರು ಇಲ್ಲದವರನ್ನು ಕರೆದೊಯ್ಯಲಿ. ಸಹಕಾರ ಅಂದರೆ ಬರೀ ಸಾಲದ ಲೆಕ್ಕ ಅಲ್ಲ.